ತಕ್ಕಡಿ ಅಂಗಡಿಯ ರಾಯಭಾರಿ

ನನ್ನ ಮೈದುನ ತಕ್ಕಡಿ ರಿಪೇರಿ ಮಾಡ್ತಾನೆ. ನಲವತ್ತೊಂದು ವರ್ಷ, ಬಂಗಾರದಂಥ ಮನುಷ್ಯ, ಆದರೆ ಮಾತು ತೊದಲುತ್ತೆ. ನನಗೋ, ತಾಳ್ಮೆ ಅನ್ನೋದನ್ನ ದೇವರು ಕೊಡೋದೇ ಮರೆತ. ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತು ವರ್ಷದಿಂದ ಅವನ ಅರ್ಧ ಮಾತನ್ನ ನಾನೇ ಮುಗಿಸಿಕೊಟ್ಟಿದೀನಿ. ಒಂದು ಸಲ ಡಾಕ್ಟರ ಮುಂದೆ ಅವನು "ಬೆ... ಬೆ..." ಅಂದ ಕೂಡಲೇ "ಬೆನ್ನುನೋವು ಡಾಕ್ಟ್ರೇ" ಅಂದುಬಿಟ್ಟೆ. ಬೆನ್ನಿಗೆ ಮುಲಾಮು ತಗೊಂಡು ಮನೆಗೆ ಬಂದ ಮೇಲೆ ಗೊತ್ತಾಯ್ತು, ಪಾಪ, ನೋವಿದ್ದದ್ದು ಬೆರಳಲ್ಲಿ! ಆದರೂ ನಾನು ಕಲೀಲಿಲ್ಲ.

ಅಂಗಡೀಲಿ ಅವನು ಮಾತಿನ ಬದಲು ಚೀಟಿ ಇಟ್ಕೊಂಡಿದಾನೆ. ರಿಪೇರಿಯಾದ ತಕ್ಕಡಿ ಕೊಡುವಾಗ ಪ್ರತಿ ಗಿರಾಕಿಗೂ ಒಂದು ಚೀಟಿ: "ಮುಳ್ಳು ನಿಲ್ಲೋವರೆಗೆ ತೂಕ ಓದಬೇಡಿ."

ಭಾನುವಾರ ಮಧ್ಯಾಹ್ನ ಅಂಗಡಿ ಹಿಂದಿನ ಕೋಣೇಲಿ ನಾವು ನಾಲ್ಕು ಜನ ಆಟಕ್ಕೆ ಕೂರ್ತೀವಿ. ಕತೆ ಹೇಳೋದು ನಾನು. ಇಲ್ಲಿ ಸೇತುವೆ ಮುರಿದಿದೆ, ಅಲ್ಲಿ ಕಾವಲುಗಾರ ಗೊರಕೆ ಹೊಡೀತಿದಾನೆ ಅಂತ ನಾನು ಹೇಳಿದರೆ, ಉಳಿದವರು ಆ ಕತೆಯೊಳಗೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಬದುಕ್ತಾರೆ. ಆ ಪಾತ್ರ ಏನು ಮಾಡುತ್ತೆ, ಏನು ಮಾತಾಡುತ್ತೆ ಅನ್ನೋದು ಅವರಿಗೇ ಬಿಟ್ಟದ್ದು. ಕೈಗೂಡುತ್ತೋ ಇಲ್ಲವೋ ಅನ್ನೋ ಅನುಮಾನ ಬಂದರೆ ದಾಳ ಹಾಕೋದು. ಮೇಜಿನ ಮೇಲೆ ಹಿತ್ತಾಳೆ ತೂಕದ ಬಟ್ಟುಗಳೇ ನಮ್ಮ ಪಾತ್ರಗಳು. ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರಿದಾರೆ, ಬೀದಿಗೆಲ್ಲಾ ಮಾವ. ಅವರದು ಇನ್ನೂರು ಗ್ರಾಂ ಬಟ್ಟು, ಯಾವಾಗಲೂ ಕಳ್ಳನ ಪಾತ್ರ. "ಮೂವತ್ತೆಂಟು ವರ್ಷ ಊರವರ ವಸ್ತು ಹುಷಾರಾಗಿ ತಲುಪಿಸಿದೀನಿ, ಈಗಲಾದ್ರೂ ಕದೀಲಿಕ್ಕೆ ಬಿಡಿ" ಅಂತಾರೆ. ಮೈದುನ ಐದು ಗ್ರಾಂ. ರಾಜನ ರಾಯಭಾರಿ.

ಅಬ್ಬಬ್ಬಾ, ಆ ರಾಯಭಾರಿ! ಪಾತ್ರದೊಳಗೆ ಹೊಕ್ಕ ಅಂದರೆ ಅರಳು ಹುರಿದ ಹಾಗೆ ಮಾತು. ಮೊದಲ ಸಲ ಕೇಳಿದ ದಿನ ಕೈ ತೊಳ್ಕೊಂಡು ಬರ್ತೀನಿ ಅಂತ ನೆಪ ಹೇಳಿ ಹೋಗಿ ಅತ್ತು ಬಂದೆ.

ನಾಲ್ಕನೆಯವಳು ಬೀದಿ ಕೊನೆಯ ಕನ್ನಡಕದ ಅಂಗಡೀಲಿ ಕಣ್ಣಿನ ನಂಬರ್ ನೋಡೋಳು. ಆಟದಲ್ಲಿ ಕೋಟೆಯ ಒಡತಿ. "ನನ್ನನ್ನ ಯಾರೂ ಸುಲಭವಾಗಿ ಅಲ್ಲಾಡಿಸಬಾರದು" ಅಂತ ಒಂದು ಕಿಲೋ ಬಟ್ಟನ್ನೇ ಆರಿಸ್ಕೊಂಡವಳು. ಎರಡು ವರ್ಷದಿಂದ ಬರ್ತಾಳೆ, ನನ್ನನ್ನ ಮೇಡಂ ಅಂತಾಳೆ. ಮೈದುನ ಅವಳಿಗೆ ಮನಸೋತದ್ದು ನನಗೆ ಹೇಗೆ ಗೊತ್ತಾಯ್ತು ಅಂತೀರಾ? ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸೋನು ಮೂರು ಸಲ ಹೋಗಿ ಕಣ್ಣು ಪರೀಕ್ಷೆ ಮಾಡಿಸ್ಕೊಂಡು ಬಂದ.

ಹೋದ ತಿಂಗಳು ಅವಳು ಹೇಳಿದಳು, ಬೇರೆ ಊರಿನ ಅಂಗಡಿಗೆ ವರ್ಗ ಆಗಿದೆ, ಮುಂದಿನ ಭಾನುವಾರವೇ ಕೊನೇ ಆಟ. ಅವತ್ತು ಅವಳು ಎದ್ದು ಮನೆಗೆ ಹೋದ ಮೇಲೆ ಮೈದುನನ ಮುಖ ನೋಡೋಕಾಗಲಿಲ್ಲ.

"ಹೇಳಿಬಿಡೋ ಮಾರಾಯ, ಅವಳಿಗೆ" ಅಂದೆ.

"ಆ... ಆಗಲ್ಲ, ಅ..."

"ಅತ್ತಿಗೆ," ಅಂತ ನಾನೇ ಮುಗಿಸಿದೆ. "ಹಾಗಾದ್ರೆ ನಾನು ಹೇಳ್ಲಾ?"

ಬೇಡವೇ ಬೇಡ ಅಂತ ತಲೆ ಆಡಿಸಿದ. ಆದರೆ ನಾನು ಬಿಡೋಳಾ? ಕತೆ ನನ್ನ ಕೈಲೇ ಇತ್ತಲ್ಲ!

ಕೊನೇ ಭಾನುವಾರ ಎಲ್ಲರೂ ಕೂತ ಮೇಲೆ ಶುರು ಮಾಡಿದೆ. ರಾಯಭಾರಿ ಕೋಟೆ ಬಾಗಿಲಿಗೆ ಬರ್ತಾನೆ, ಈ ಸಲ ರಾಜನ ಓಲೆ ಇಲ್ಲ, ತನ್ನದೇ ಮಾತು ಅಂದೆ. ಮೈದುನ ನನ್ನನ್ನ ದುರುಗುಟ್ಟಿ ನೋಡಿದ. ಆಮೇಲೆ ಐದು ಗ್ರಾಂ ಬಟ್ಟನ್ನ ಒಂದು ಕಿಲೋ ಬಟ್ಟಿನ ಮುಂದೆ ಇಟ್ಟ.

"ಒಡತಿ, ಹನ್ನೆರಡು ರಾಜ್ಯಗಳ ಬಾಗಿಲು ತಟ್ಟಿದ್ದೇನೆ. ಎಲ್ಲ ಕಡೆಗೂ ಬೇರೆಯವರ ಮಾತನ್ನೇ ಹೊತ್ತು ಹೋದೆ. ಈ ಬಾಗಿಲಿನಿಂದ ಮಾತ್ರ ಹಿಂದಿರುಗಲು ಕಾಲೇ ಬರುತ್ತಿಲ್ಲ. ನಿಮ್ಮ ಜೊತೆ ಬರಲು ಅಪ್ಪಣೆ ಕೊಡಿ."

ಒಂದಕ್ಷರ ಎಡವಲಿಲ್ಲ. ಮಾವ ಮೂಗು ಒರೆಸ್ಕೊಂಡರು.

"ಒಡತಿ ಒಪ್ಪಲ್ಲ," ಅಂದಳು ಅವಳು.

ನನಗೆ ಮೈಯೆಲ್ಲಾ ಉರಿದುಹೋಯ್ತು. "ಒಪ್ಪಲ್ಲ ಅಂದ್ರೇನು? ಕೋಟೆಗೆ ಬೆಂಕಿ ಬಿದ್ದಿದೆ, ಅವನ ಜೊತೆ ಹೊರಡಲೇಬೇಕು!" ಅಂದೆ. ಆ ಬೆಂಕಿ ನಾನು ಆಗಷ್ಟೇ ಹಚ್ಚಿದ್ದು.

"ಕತೆ ನಿಮ್ಮದು ಮೇಡಂ, ಒಡತಿ ನನ್ನವಳು. ಸುಟ್ಟುಹೋದ್ರೂ ಒಪ್ಪಲ್ಲ," ಅಂತ ಅವಳು ಮೈದುನನ ಕಡೆ ತಿರುಗಿದಳು. "ರಾಯಭಾರಿ ತುಂಬಾ ಚೆನ್ನಾಗಿ ಮಾತಾಡ್ತಾನೆ. ಆದ್ರೆ ಊರು ಬಿಟ್ಟು ಹೋಗ್ತಿರೋದು ಒಡತಿ ಅಲ್ಲ, ನಾನು. ಏನಾದ್ರೂ ಹೇಳೋದಿದ್ರೆ ನೀವೇ ಹೇಳಿ. ನನಗೇನೂ ಅವಸರ ಇಲ್ಲ."

ಮೈದುನ ಐದು ಗ್ರಾಂ ಬಟ್ಟು ತೆಗೆದು ಜೇಬಿಗೆ ಹಾಕ್ಕೊಂಡ. ಕಿವಿವರೆಗೂ ಕೆಂಪಾಗಿದ್ದ.

"ಆ... ಆ..."

ನನ್ನ ನಾಲಿಗೆ ತುದೀಲಿ ಪೂರ್ತಿ ಮಾತು ಸಿದ್ಧವಾಗಿತ್ತು: ಆಸೆ ಇದೆ, ಮದುವೆ ಆಗೋಣ ಅಂತಿದಾನೆ ಕಣಮ್ಮಾ. ಬಾಯಿ ತೆಗೆದೂ ಆಗಿತ್ತು. ಆಗ ಕಂಡದ್ದು ಗೋಡೆ ಮೊಳೆಗೆ ಚುಚ್ಚಿಟ್ಟಿದ್ದ ಆ ಚೀಟಿಗಳ ಕಟ್ಟು. ಬೆರಳುನೋವೂ ನೆನಪಾಯ್ತು. ಇಪ್ಪತ್ತು ವರ್ಷ ಈ ಮನುಷ್ಯನನ್ನ ನಾನು ಮುಳ್ಳು ನಿಲ್ಲೋಕೆ ಮುಂಚೆಯೇ ಓದಿಬಿಟ್ಟಿದ್ದೆ. ನಾಲಿಗೆ ಕಚ್ಚಿಕೊಂಡು ಕೂತೆ. ಏನು ಕಷ್ಟ ಅಂತೀರಿ! ಅವಳು ಮಾತ್ರ ಕೆನ್ನೆಗೆ ಕೈಕೊಟ್ಟು, ಕಣ್ಣು ಪರೀಕ್ಷೆಯ ಬೋರ್ಡಿನ ಕೊನೇ ಸಾಲು ಓದೋರನ್ನ ಕಾಯೋ ಹಾಗೆ ಆರಾಮಾಗಿ ಕೂತಿದ್ದಳು.

"ಆ... ಆ ಊ... ಊರಲ್ಲೂ ತ... ತಕ್ಕಡಿ ಕೆ... ಕೆಡುತ್ತಾ?"

ನನಗೆ ಹೊಳೆದಿದ್ದ ಮಾತಲ್ಲ. ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಅವಳು ನಕ್ಕಳು, ಕಣ್ಣು ಒರೆಸ್ಕೊಂಡಳು. "ಕೆಡುತ್ತೆ. ಕೆಡದಿದ್ರೆ ನಾನೇ ಕೆಡಿಸ್ತೀನಿ. ಬನ್ನಿ."

ಅಭ್ಯಾಸಬಲ, ನಾನು ದಾಳ ಮುಂದೆ ತಳ್ಳಿದೆ.

"ಇದಕ್ಕೆ ದಾಳ ಯಾಕಕ್ಕಾ?" ಅಂದಳು.

ಎರಡು ವರ್ಷ ಮೇಡಂ ಅಂದವಳು! ನೀವಿಬ್ಬರೂ ಚೆನ್ನಾಗಿರಿ ಅನ್ನೋಣ ಅಂತ ಬಾಯಿ ತೆಗೆದರೆ, "ನೀ... ನೀ..." ಅಂತ ನಾನೇ ತೊದಲಿದೆ. ಮೈದುನ ನನ್ನ ಮಾತನ್ನ ಮುಗಿಸಿಕೊಡಲಿಲ್ಲ. ಕೈಕಟ್ಟಿಕೊಂಡು, ಮುಗುಳ್ನಗ್ತಾ, ಸುಮ್ಮನೆ ಕಾದ.