ಹಣವೋ ಪಣವೋ

ಎಪ್ಪತ್ತರ ದಶಕದ ಕೊನೆಯಲ್ಲಿ ಪುತ್ತೂರಿನ ಕಾಲೇಜಿನಲ್ಲಿ ನಮಗೆ ಹಣಕಾಸು ಕಲಿಸುತ್ತಿದ್ದ ಮಾಸ್ಟ್ರು ನೆಲ್ಯಾಡಿ ಕಡೆಯವರು, ಮನೆಮಾತು ಮಲಯಾಳ. ಬರೆಯುವ ಮೊದಲು ಚಾಕ್‌ಪೀಸನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು. ಹಣಕ್ಕೆ ಅವರ ಭಾಷೆಯಲ್ಲಿ ‘ಪಣಂ’ ಎನ್ನುತ್ತಾರೆ. ಹಾಗಾಗಿ “ಎಲ್ಲ ಪಣ ಒಂದೇ ಕಡೆ ಇಡಬಾರದು” ಎಂದು ಅವರು ಹೇಳಿದಾಗಲೆಲ್ಲ, ಕೋಳಿ ಅಂಕದಲ್ಲಿ ಕಾದಾಡುವ ಕೋಳಿಗಳ ಮೇಲೆ ಪಣ ಕಟ್ಟುವುದನ್ನು ಕಂಡಿದ್ದ ನಾವು ನಗುತ್ತಿದ್ದೆವು.

ನಾನು ಎರಡನೇ ಬಿ.ಕಾಂ.ನಲ್ಲಿದ್ದಾಗ, ಓದು ಬಿಡಿಸಿ ಕಡಬದ ನಮ್ಮ ಅಂಗಡಿಯಲ್ಲಿ ಕೂರಿಸಲೆಂದು ಅಪ್ಪ ಕಾಲೇಜಿಗೇ ಬಂದರು.

“ವ್ಯಾಪಾರ ಕಲಿಲಿಕ್ಕೆ ಅಂಗಡಿ ಉಂಟಲ್ಲ ಮಾಸ್ಟ್ರೆ, ಕಾಲೇಜು ಎಂತಕ್ಕೆ?”

ಮಾಸ್ಟ್ರು ಚಾಕ್‌ಪೀಸ್ ತೂಗಿದರು. “ಡಿಗ್ರಿ ಮುಗಿಯುವವರೆಗೆ ಇವನ ಮೇಲೆ ಪಣ ಇಡಿ.”

ಅಪ್ಪನಿಗೆ ನಗು ಬಂತು. “ಪಣವಾ? ಸೋತರೆ ಎಂತ ಮಾಡುದು?”

“ಸೋತರೆ ಅಂಗಡಿ ಉಂಟಲ್ಲ ಮಾರಾಯ್ರೆ!”

ಅಪ್ಪ ಒಬ್ಬರೇ ಬಸ್ಸು ಹತ್ತಿದರು.

ಅಂದು ಮಾಸ್ಟ್ರ ನಾಲಗೆ ತಪ್ಪಿತೋ, ಅವರು ಬೇಕೆಂದೇ ಹಾಗೆಂದರೋ ನನಗೆ ಗೊತ್ತಿಲ್ಲ. ಹೇಳುವಾಗ ಅವರ ಮುಖದಲ್ಲಿ ನಗುವಿತ್ತೆಂದು ನೆನಪು. ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

ಮರುದಿನ ತರಗತಿಯಲ್ಲಿ ಅವರು ಎಂದಿನಂತೆ ‘ಪಣ’ ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಈಗ ಅಂಕದಲ್ಲಿದ್ದ ಕೋಳಿ ನಾನೇ.