ನೂರಕ್ಕೆ ಹತ್ತೊಂಬತ್ತು

ನಾದಿನಿಯ ಬಾಣಂತನದ ಉಂಡೆಗೆಂದು ತುಪ್ಪದಲ್ಲಿ ಅಂಟು ಹುರಿಯುತ್ತಿದ್ದೆ. ನಮ್ಮ ಯಜಮಾನರು ದವಾಖಾನೆಯಿಂದ ಬಂದವರು ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. "ಕೂಸು ಉಳದೈತಿ" ಎಂದರು. ತಾಯಿಯ ಸುದ್ದಿ ನಾನು ಕೇಳಲಿಲ್ಲ. ಬಾಣಲೆಯ ಅಂಟು ಕಪ್ಪಾಯಿತು.

ಅವಳಿಗೆ ಹತ್ತೊಂಬತ್ತು. ಮುಧೋಳಕ್ಕೆ ಕೊಟ್ಟಿದ್ದ ಹುಡುಗಿ ಚೊಚ್ಚಲ ಹೆರಿಗೆಗೆ ಜಮಖಂಡಿಗೆ, ತವರಿಗೆ ಬಂದಿದ್ದಳು.

ಆ ಬೇಸಿಗೆಯಲ್ಲಿ ಡಾಕ್ಟರರು ಮಾವನವರ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದ್ದರು. ರಾಜರ ಕಾಲ, ನಮ್ಮ ಓಣಿಗೆ ಅದು ಹೊಸದು. ನೂರಾ ಅರವತ್ತು ಬಂತು. ವಯಸ್ಸಿಗೆ ನೂರು ಕೂಡಿಸಿದಷ್ಟು ಇರಬಹುದು, ಅರವತ್ತರವರಿಗೆ ಇದು ಸರಿ ಎಂದರು. ಆಗ ಹಾಗೆಯೇ ನಂಬಿದ್ದರು. ಮಾವನವರು ಕಟ್ಟೆಯ ಮೇಲೆ ಕೂತವರಿಗೆಲ್ಲ ಅದನ್ನು ಹೇಳಿದ್ದೇ ಹೇಳಿದ್ದು.

ಎಂಟು ತಿಂಗಳಾದಾಗ ನಾದಿನಿಗೆ ತಲೆನೋವು ಶುರುವಾಯಿತು, ಮುಖ ಬಾತಿತು. ನರ್ಸಬಾಯಿ ಒತ್ತಡ ನೋಡಿ, ನೂರಾ ಅರವತ್ತೆಂದು ಚೀಟಿ ಬರೆದು, ನಾಳೆಯೇ ದವಾಖಾನೆಗೆ ಕರೆತನ್ನಿರೆಂದಳು. ಮರುದಿನ ಅಮಾವಾಸ್ಯೆ. ಬಸುರಿಯನ್ನು ಹೊಸ್ತಿಲು ದಾಟಿಸುವುದು ಬೇಡವೆಂದರು ಅತ್ತೆ. ಹೋಗೋಣವೆಂದು ಅವಳು ನನ್ನ ಸೆರಗು ಹಿಡಿದಳು. ಹೆಂಗಸರಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೇ. ಇಬ್ಬರೂ ನನ್ನ ಮುಖ ನೋಡಿದರು.

"ಮಾವನವರಿಗೂ ನೂರಾ ಅರವತ್ತ ಐತಲ್ಲ" ಎಂದೆ. "ಅವರು ಗುಂಡಕಲ್ಲಿನಂಗ ಅದಾರ. ನೀ ಯಾಕ ಅಂಜತಿ?"

"ಹಂಗಾರ ನಾನೂ ಅಪ್ಪನಷ್ಟ ಮುದುಕಿ ಆದೆ ಅನ್ರಿ, ವೈನಿ" ಎಂದು ನಕ್ಕಳು.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಮೈ ಸೆಟೆದು ಹಲ್ಲು ಕಚ್ಚಿಕೊಂಡಳು. ಟಾಂಗಾದಲ್ಲಿ ಒಯ್ದರು. ಬಸುರಿಗೆ ಅಷ್ಟು ಒತ್ತಡ ಇರಲೇಬಾರದು, ಚೀಟಿ ಕೊಟ್ಟ ಮರುದಿನವೇ ತರಬೇಕಿತ್ತು ಎಂದು ಅಲ್ಲಿ ಬೈದರಂತೆ.

ನೂರಕ್ಕೆ ಹತ್ತೊಂಬತ್ತು ಕೂಡಿಸಲು ನನಗೆ ಬರುತ್ತಿರಲಿಲ್ಲವೇ? ಹಪ್ಪಳದ ಹಿಟ್ಟಿಗೆ ಉಪ್ಪೆಷ್ಟು, ಖಾರವೆಷ್ಟು ಎಂದು ನಿದ್ದೆಯಲ್ಲಿಯೂ ಹೇಳುತ್ತಿದ್ದೆ. ಮಾವನವರಿಗೂ ಆ ಲೆಕ್ಕ ಸುಳ್ಳಾಯಿತು. ಮರುವರ್ಷ ಲಕ್ವಾ ಹೊಡೆದು ಮಲಗಿದರು. ಅವರ ವಯಸ್ಸಿಗೂ ಅದು ಹೆಚ್ಚೇ ಇತ್ತೆಂದು ಎಷ್ಟೋ ವರ್ಷಗಳ ಮೇಲೆ ಬೇರೆ ಡಾಕ್ಟರರು ಹೇಳಿದರು. ಹೇಳಿ ಏನು ಮಾಡುವುದು.

ಶಿವ ಕೂಸನ್ನು ಉಳಿಸಿದ. ಅವಳಿಗೆ ಕೊನೆಗೆ ಎಚ್ಚರವಿರಲಿಲ್ಲವಂತೆ, ನನ್ನ ಮಾತು ನೆನಪಾಗಿರಲಿಕ್ಕಿಲ್ಲ. ಇವೆರಡಕ್ಕೆ ದಿನಾ ಕೈಮುಗಿಯುತ್ತೇನೆ. ಮೂರನೆಯದು ಹುಡುಕಿದರೂ ಸಿಕ್ಕಿಲ್ಲ.

ಆವತ್ತು ಬಾಣಲೆ ಇಳಿಸಿ, ಕರಕಾದ ಅಂಟನ್ನು ಒಲೆಗೆ ಸುರಿದೆ. ಕೂಸಿಗೆ ಆಡಿನ ಹಾಲು ಕಾಯಿಸಬೇಕಿತ್ತು. ಬೇರೆ ಪಾತ್ರೆ ತೊಳೆಯಲು ಕೂತೆ.