ಲೆಕ್ಕಕ್ಕೆ ಬಾರದ ಮಾತ್ರೆ

ಹೆಣ್ಣುಮಕ್ಕಳ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಮ್ಮತ್ತೆ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದಳು. ಓದಿದ್ದು ಹತ್ತನೆಯ ತರಗತಿ. ಗಾಜಿನ ಸಾಮಾನು ತೊಳೆಯಲೆಂದು ಸೇರಿದವಳು, ತೊಳೆಯುತ್ತ ತೊಳೆಯುತ್ತಲೇ ಪಾಠಗಳನ್ನೆಲ್ಲ ಕಿವಿಯಿಂದ ಕಲಿತುಕೊಂಡಳು. ಹೊಸದಾಗಿ ಬಂದ ಉಪನ್ಯಾಸಕರು ತರಗತಿಗೆ ಮುಂಚೆ ಮೆಲ್ಲಗೆ ಬಂದು, "ಅಕ್ಕಾ, ಇದು ಎಷ್ಟು ಹನಿ ಹಾಕಿದ್ರೆ ಬಣ್ಣ ಸರಿಯಾಗಿ ಬರುತ್ತೆ?" ಎಂದು ಅವಳನ್ನೇ ಕೇಳುತ್ತಿದ್ದರು. ಅವಳ ಬೆರಳ ತುದಿಗಳಲ್ಲಿ ಸಿಲ್ವರ್ ನೈಟ್ರೇಟಿನ ಕಂದು ಕಲೆ ಎಂದೂ ಪೂರ್ತಿ ಹೋಗುತ್ತಿರಲಿಲ್ಲ.

ಹುಡುಗಿಯರು ಅವಳನ್ನು ಲೇಬಲ್ ಅಕ್ಕ ಎನ್ನುತ್ತಿದ್ದರು. ಹೆಸರು ಬರೆದು ಅಂಟಿಸದ ಬಾಟಲಿಯನ್ನು ಅವಳು ನಂಬುತ್ತಿರಲಿಲ್ಲ. ಒಳಗಿರುವುದು ಬರೀ ನೀರೆಂದು ಗೊತ್ತಿದ್ದರೂ ಚೆಲ್ಲಿಬಿಡುತ್ತಿದ್ದಳು. ಮನೆಯಲ್ಲೂ ಉಪ್ಪಿಗೆ ಚೀಟಿ, ಸಕ್ಕರೆಗೆ ಚೀಟಿ. ಒಮ್ಮೆ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದ ಮಾವನ ಬೆನ್ನಿಗೆ 'ಅಲುಗಾಡಿಸಬೇಡಿ' ಎಂಬ ಚೀಟಿ ಅಂಟಿಸಿದ್ದಳು. ಮಾವ ಅದನ್ನು ಹೊತ್ತುಕೊಂಡೇ ಶಾಲೆಯ ವ್ಯಾನು ಓಡಿಸಿ ಬಂದು, "ಮಕ್ಕಳು ಇವತ್ತು ಎಷ್ಟು ಸುಮ್ಮನೆ ಕೂತಿದ್ವು ಗೊತ್ತಾ? ಎಲ್ಲ ನಾನು ಕಲಿಸಿದ ಶಿಸ್ತು" ಎಂದು ಹೆಮ್ಮೆಪಟ್ಟಿದ್ದರು. ಅವರಿಗೆ ಮಕ್ಕಳಿರಲಿಲ್ಲ. ನಾನು ಆ ಊರಿನಲ್ಲಿ ಓದುವಾಗ ಅವರ ಮನೆಯಲ್ಲೇ ಇದ್ದೆ.

ಎರಡು ತಿಂಗಳು ಬಿಡದೆ ಕಾಡಿದ ಕೆಮ್ಮು ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದ ದಿನ ಅತ್ತೆ ಅಳಲಿಲ್ಲ. "ಸಿಗರೇಟಾದ್ರೂ ಸೇದಿದ್ದಿದ್ರೆ ನನ್ನನ್ನ ನಾನೇ ಬೈಕೋಬಹುದಿತ್ತು" ಎಂದಳು, ಅಷ್ಟೇ. ಗಡ್ಡೆಯ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದ ಡಾಕ್ಟರು, ಅವಳ ಬಗೆಯ ಗಡ್ಡೆಗೆ ಹೊಂದುವ ಮಾತ್ರೆಯೊಂದಿದೆ ಎಂದರು. ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ, ಸೂಜಿ ಇಲ್ಲ. ದಿನಕ್ಕೊಂದು, ಒಂದೇ ಹೊತ್ತಿಗೆ, ಖಾಲಿ ಹೊಟ್ಟೆಯಲ್ಲಿ. ಪುಡಿ ಮಾಡಬಾರದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಭೇದಿಯಾದರೆ, ಮೈಮೇಲೆ ಗುಳ್ಳೆ ಎದ್ದರೆ, ಉಸಿರು ಕಟ್ಟಿದರೆ ತಕ್ಷಣ ಫೋನು ಮಾಡಬೇಕು.

ಇಂಥ ಕಟ್ಟುಪಾಡು ಅತ್ತೆಗೆ ಹೊಸದಲ್ಲ. ಹುಡುಗಿಯರ ರೆಕಾರ್ಡ್ ಪುಸ್ತಕದಂಥದ್ದೊಂದು ಪುಸ್ತಕ ತಂದು ಗೆರೆ ಎಳೆದಳು: ತಾರೀಖು, ಸಮಯ, ಗಮನಿಸಿದ್ದು. 'ಬೆಳಗ್ಗೆ ಆರು. ಮಾತ್ರೆ. ಭೇದಿ ಎರಡು ಸಲ.' 'ಬೆಳಗ್ಗೆ ಆರು. ಮಾತ್ರೆ. ಮುಖದ ಮೇಲೆ ಗುಳ್ಳೆ, ಫೋನು ಮಾಡಿದೆ, ಮುಲಾಮು ಹೇಳಿದರು.' ಮಾವ ಅವಳ ಮುಖ ನೋಡಿ, "ಹದಿನೆಂಟಕ್ಕೆ ಬರಬೇಕಾದ ಮೊಡವೆ ಐವತ್ಮೂರಕ್ಕೆ ಬಂದಿದೆ. ಬಸ್ಸು ಸ್ವಲ್ಪ ಲೇಟು" ಎಂದಾಗ ಅವಳು ನಕ್ಕು ಕೆಮ್ಮಿದಳು. ಮೂರನೆಯ ತಿಂಗಳಿಗೆ ಆ ಕೆಮ್ಮೂ ನಿಂತಿತು. ಗಡ್ಡೆ ಕುಗ್ಗಿದೆ ಎಂದರು. ಮಾವ ವ್ಯಾನಿನ ಮಕ್ಕಳಿಗೆಲ್ಲ ಬಿಸ್ಕತ್ತು ಹಂಚಿದರು.

ಆ ವೇಳೆಗೆ ಅವಳಿಗೆ ಹೊಟ್ಟೆ ಉರಿ ಶುರುವಾಗಿತ್ತು. ಮಾವನ ಅಂಗಿ ಜೇಬಿನಲ್ಲಿ ಗ್ಯಾಸ್ ಮಾತ್ರೆಯ ಒಂದು ಪಟ್ಟಿ ಯಾವಾಗಲೂ ಇರುತ್ತಿತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡದ ಡ್ರೈವರುಗಳ ಜೇಬಿನಲ್ಲೆಲ್ಲ ಇರುವಂತೆ. ಬೆಳಗ್ಗೆ ಐದೂವರೆಗೆ ಅವರು ಉಗುರುಬೆಚ್ಚಗಿನ ನೀರು ಹಿಡಿದು ಬರುವರು. "ಮೊದಲು ಇದು, ಆಮೇಲೆ ನಿನ್ನ ರಾಣಿ ಮಾತ್ರೆ. ಹೊಟ್ಟೆ ತಣ್ಣಗಿರ್ಲಿ." ಕೆಲವೇ ದಿನಗಳಲ್ಲಿ ಉರಿ ಹೋಯಿತು.

ಪ್ರತಿ ತಿಂಗಳೂ ಡಾಕ್ಟರು ಕೇಳುತ್ತಿದ್ದರು, "ಬೇರೆ ಔಷಧಿ ಏನಾದ್ರೂ ತಗೊಳ್ತಿದ್ದೀರಾ?"

"ಇಲ್ಲ ಸಾರ್."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಪಿನ್ನು, ಬಾಚಣಿಗೆಗಳ ಜೊತೆ ಕೈಚೀಲದಲ್ಲಿ ಬಿದ್ದಿರುವ, ನೆಂಟರು ಹೊಟ್ಟೆ ಹಿಡಿದುಕೊಂಡರೆ ತೆಗೆದುಕೊಡುವ ಗ್ಯಾಸ್ ಮಾತ್ರೆಯನ್ನು ಔಷಧಿ ಎಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಹಾಗಾಗಿ ಪುಸ್ತಕದಲ್ಲೂ ಅದು ಬರಲಿಲ್ಲ.

ಒಂಬತ್ತನೆಯ ತಿಂಗಳು ಕೆಮ್ಮು ಮರಳಿತು. ಸ್ಕ್ಯಾನ್ ಆಯಿತು. ಡಾಕ್ಟರ ಕೋಣೆಯೊಳಗೆ ಅತ್ತೆಯ ಜೊತೆ ಹೋದವಳು ನಾನು. ಮಾವ ಎಂದಿನಂತೆ, "ಗಾಡಿ ಬಿಟ್ಟು ಬಂದ್ರೆ ಎಳ್ಕೊಂಡು ಹೋಗ್ತಾರೆ" ಎಂದು ರಸ್ತೆಯಲ್ಲೇ ಉಳಿದರು. ಅವರಿಗೆ ಆ ಕೋಣೆಯೆಂದರೆ ಭಯವಿತ್ತು.

"ಬೆಳೆದಿದೆಯಮ್ಮ" ಎಂದರು ಡಾಕ್ಟರು. ಆಮೇಲೆ ಅವಳ ಪುಸ್ತಕವನ್ನು ಹಿಂದಿನಿಂದ ತಿರುವತೊಡಗಿದರು. "ಇಷ್ಟು ಚೆನ್ನಾಗಿ ಯಾರೂ ಬರೆದಿಡಲ್ಲ. ಇಲ್ಲಿ ಒಂದು ವಾರ ಹೊಟ್ಟೆ ಉರಿ ಅಂತಿದೆ, ಆಮೇಲೆ ಇಲ್ಲವೇ ಇಲ್ಲ. ತಾನಾಗೇ ಹೋಯ್ತಾ?"

"ಇಲ್ಲ ಸಾರ್. ನಮ್ಮನೆಯವರು ಬೆಳಗ್ಗೆ ಗ್ಯಾಸ್ ಮಾತ್ರೆ ಕೊಡ್ತಾರಲ್ಲ."

ಪುಟ ತಿರುವುತ್ತಿದ್ದ ಕೈ ನಿಂತಿತು. "ದಿನಾನಾ?"

"ದಿನಾ."

ಡಾಕ್ಟರು ಕನ್ನಡಕ ತೆಗೆದರು. "ನೀವು ನುಂಗೋ ಮಾತ್ರೆ ಮೈಗೆ ಹತ್ತಬೇಕಾದ್ರೆ ಹೊಟ್ಟೇಲಿ ಆಮ್ಲ ಇರಬೇಕಮ್ಮ. ಗ್ಯಾಸ್ ಮಾತ್ರೆ..."

"ಆಮ್ಲ ತೆಗೆದುಬಿಡುತ್ತೆ" ಎಂದಳು ಅತ್ತೆ, ಪ್ರಯೋಗಾಲಯದ ಧ್ವನಿಯಲ್ಲಿ. "ಆಮೇಲೆ ಅದು ಸರಿಯಾಗಿ ಕರಗಲ್ಲ. ತಳದಲ್ಲಿ ಕೂರುತ್ತೆ." ಹೇಳಿ ಮುಗಿಸಿದ ಮೇಲೆ, ತಾನು ಹೇಳಿದ್ದು ಅವಳಿಗೇ ಕೇಳಿಸಿತೇನೋ. ಕಲೆ ಬಿದ್ದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬೆಳೆದದ್ದು ಅದರಿಂದಲೇ ಅಂತ ನಾನು ಹೇಳೋಕಾಗಲ್ಲ. ಎಲ್ಲ ಸರಿಯಾಗಿ ನುಂಗಿದವರಲ್ಲೂ ಇದು ಒಂದಲ್ಲ ಒಂದು ದಿನ ದಾರಿ ಹುಡುಕ್ಕೊಳ್ಳುತ್ತೆ. ನಾನೂ ಗ್ಯಾಸ್ ಮಾತ್ರೆ ಅಂತ ಹೆಸರು ಹಿಡಿದೇ ಕೇಳಬೇಕಿತ್ತು."

ಅತ್ತೆ ತನ್ನ ಪುಸ್ತಕವನ್ನು ಹಿಂದಕ್ಕೆ ತೆಗೆದುಕೊಂಡಳು. "ಇದನ್ನ ಫೈಲಲ್ಲಿ ಬರೀತೀರಾ ಸಾರ್?"

"ಬರೀಲೇಬೇಕು."

"ಇಂಗ್ಲಿಷಲ್ಲಿ ಬರೀರಿ. ನಮ್ಮನೆಯವರಿಗೆ ಬರಲ್ಲ."

ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದಳು. "ಮಾವನಿಗೆ ಹೇಳಬೇಡ ಕಣೇ. ನನ್ನಾಣೆ."

"ನಾಳೆ ಬೆಳಗ್ಗೆನೂ ಕೊಡ್ತಾರಲ್ಲ ಅತ್ತೆ?"

"ಹೊಸ ಮಾತ್ರೆ ಬರುತ್ತಂತೆ, ಅದಕ್ಕೆ ಆಗಲ್ಲವಂತೆ ಅಂತೀನಿ. ಹೊಸದಕ್ಕೆ ಮಾತ್ರ."

ಮಾವ ಇರುವವರೆಗೂ ಆ ಮಾತನ್ನು ನಾನು ಉಳಿಸಿಕೊಂಡೆ. ಆದರೆ ಮುಂದಿನ ವಾರವೇ ಅದು ಕೈ ಜಾರಿತೆಂದುಕೊಂಡೆ. ಹೊಸ ಮಾತ್ರೆ ಕೊಡುವ ನರ್ಸು, "ಮನೇಲಿ ಮಾತ್ರೆ ಕೊಡೋರು ಯಾರು? ಅವರೂ ಕೂತು ಕೇಳಿಸ್ಕೊಬೇಕು" ಎಂದು ಹಟ ಹಿಡಿದಳು. ಮಾವ ವ್ಯಾನಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಂದು, ಕುರ್ಚಿಯ ಅಂಚಿನಲ್ಲಿ ಕುಳಿತರು.

"ಮರೆತ್ರೆ ಮರುದಿನ ಎರಡು ಕೊಡಬಾರದು."

"ಬ್ರೇಕ್ ಒತ್ತೋದು ಮರೆತರೂ ಇವಳ ಮಾತ್ರೆ ಮರೆಯಲ್ಲಮ್ಮ."

"ನಮ್ಮನ್ನ ಕೇಳದೆ ಇನ್ಯಾವ ಮಾತ್ರೆನೂ ಬೇಡ. ನಾಟಿ ಔಷಧಿ, ಟಾನಿಕ್, ಗ್ಯಾಸ್ ಮಾತ್ರೆ ಯಾವುದೂ."

"ಇವಳೂ ಹೇಳಿದ್ಳು, ಹೊಸದಕ್ಕೆ ಆಗಲ್ಲ ಅಂತ. ಹಳೇದಕ್ಕಾದ್ರೆ ನಾನೇ ಕೊಡ್ತಿದ್ದೆ. ಆರು ತಿಂಗಳು, ಒಂದು ದಿನ ತಪ್ಪಿಸಿಲ್ಲ!"

ನರ್ಸು ಫೈಲಿನತ್ತ ನೋಡಿದಳು. ಮಾವ ಅವಳ ಮುಖವನ್ನೇ ನೋಡುತ್ತಿದ್ದರು.

"ಯಾಕಮ್ಮ? ಹಳೇದಕ್ಕೂ ಆಗ್ತಿರಲಿಲ್ವಾ?"

ನರ್ಸು ಬಾಯಿ ತೆರೆದಳು. ಅತ್ತೆ ಅವಳಿಗಿಂತ ಮೊದಲು ಮಾತಾಡಿದಳು.

"ಆಗ್ತಿತ್ತು ರೀ. ನೀವು ಕೊಟ್ಟಿದ್ದಕ್ಕೇ ನಾನು ಅಷ್ಟು ದಿನ ಎರಡು ತುತ್ತು ಉಂಡಿದ್ದು."

ನರ್ಸು ಫೈಲು ಮುಚ್ಚಿ, "ಇನ್ಮೇಲೆ ಬೇಡ, ಅಷ್ಟೇ" ಎಂದಳು. ಮಾವ ಜೇಬಿನಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. "ಹಾಗಿದ್ರೆ ನೀವೇ ಇಟ್ಕೊಳ್ಳಿ. ನನ್ನ ಕೈಗೆ ರೂಢಿಯಾಗಿದೆ, ಕೊಟ್ಟುಬಿಟ್ಟೇನು."

ಅತ್ತೆ ಇನ್ನು ಹನ್ನೊಂದು ತಿಂಗಳಿದ್ದಳು. ಹೊಸ ಮಾತ್ರೆ ಮೊದಮೊದಲು ಹಿಡಿಯಿತು, ಆಮೇಲೆ ಕೈಬಿಟ್ಟಿತು. ಕೊನೆಕೊನೆಗೆ ಹೊಟ್ಟೆ ಉರಿಯಿಂದ ಒದ್ದಾಡುವಳು. ಡಾಕ್ಟರು ಬರೆದುಕೊಟ್ಟ ಸಿರಪ್ಪು ನಾಟುತ್ತಿರಲಿಲ್ಲ. ಮಾವ ಪಕ್ಕದಲ್ಲಿ ಕುಳಿತು ಖಾಲಿ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅವಳು ಹೋದ ಹದಿನೈದು ದಿನಕ್ಕೆ, ಅವಳ ಸೀರೆಗಳನ್ನು ಮಡಚುತ್ತಿದ್ದ ನನ್ನ ಬಳಿ ಬಂದು ನಿಂತರು.

"ಅಷ್ಟೊಂದು ಉರಿ ಅಂದ್ಳು ಕಣೇ. ಅವರು ಬೇಡ ಅಂದ್ರು ಅಂತ ಕಲ್ಲಿನ ಹಾಗೆ ಕೂತ್ಬಿಟ್ಟೆ. ಕದ್ದಾದ್ರೂ ಒಂದು ಮಾತ್ರೆ ಕೊಡಬೇಕಿತ್ತು ನಾನು. ಆ ತಪ್ಪೊಂದು ನನ್ನ ತಲೆ ಮೇಲೆ ಉಳೀತು."

ನಾನು ಸೀರೆಯ ಇನ್ನೊಂದು ತುದಿಯನ್ನು ಅವರ ಕೈಗೆ ಕೊಟ್ಟೆ. ಇಬ್ಬರೂ ಸೇರಿ ಅದನ್ನು ಮಡಚಿದೆವು.